ಮಹಡಿ ಮೇಲಿನ ಮದುವೆ

ಮನೆ ನಮ್ಮದೇ. ಮೆಟ್ಟಿಲು ನಮ್ಮದೇ.
ಒಂಬತ್ತನೇ ಮೆಟ್ಟಿಲಲ್ಲಿ ಸಿಮೆಂಟು ಕಿತ್ತಿದೆ ಅಂತ
ಕತ್ತಲಲ್ಲೂ ಕಾಲಿಗೆ ಗೊತ್ತು.
ಆದರೂ ಅವತ್ತು ಹೊಸಿಲ ಹೊರಗೆ ನಿಂತು
ಬರಬಹುದಾ ಅಂತ ಕೇಳಿದೆ.

ಬಾಗಿಲಿಗೆ ಕೆಂಪು ಕಾಗದದ ಅಕ್ಷರ,
ಕೈ ಹಿಡಿದು ನಿಂತ ಅವಳಿಗಳ ಹಾಗೆ.
ಖುಷಿ ಅಂತ ಒಂದು ಸಲ ಬರೆದರೆ ಮದುವೆಗೆ ಸಾಲದಂತೆ,
ಜೋಡಿ ಬರೆಯಬೇಕಂತೆ.
ಹೇಳಿದವನು ಇಮ್ತಿಯಾಜ್,
ಕಂಪನಿಯವರ ದುಭಾಷಿ,
ಇಲ್ಲೇ ಶಿಡ್ಲಘಟ್ಟದ ರೀಲರ್ ಮಗ.

ಮದುಮಗನ ಹೆಸರು ಚೆನ್.
ಬಂದ ಎರಡನೇ ದಿನಕ್ಕೇ ನಮ್ಮ ಬೀದಿ ಅವನನ್ನು
ಚೆನ್ನಪ್ಪ ಮಾಡಿಬಿಟ್ಟಿತು.
ಗೂಡಿನ ಮಾರ್ಕೆಟ್ಟಿನ ಹಿಂದೆ ಮಷಿನ್ ಕೂರಿಸಲು ಬಂದವನು.
ನಲವತ್ತು ಜನ ತೆಗೆಯುವ ನೂಲನ್ನು
ಅದು ನಾಲ್ವರಲ್ಲಿ ತೆಗೆಯುತ್ತದಂತೆ.
ನಮ್ಮ ಹಿತ್ತಲಿನ ಆರು ಬೇಸಿನ್ನು
ಆ ಲೆಕ್ಕದಲ್ಲಿ ಎಲ್ಲಿ ಬರುತ್ತವೋ, ಅದು ಬೇರೆ ಮಾತು.
ಅವನಿಗೆ ರಜೆ ಸಿಗಲಿಲ್ಲ.
ಹುಡುಗಿಯೇ ವಿಮಾನ ಹತ್ತಿ ಬಂದಳು.

ನಾನು ಒಯ್ದದ್ದು ಎರಡು ಮೊಳ ಮಲ್ಲಿಗೆ,
ಕವರಿನಲ್ಲಿ ಐನೂರ ಒಂದು ರೂಪಾಯಿ.
ಇಮ್ತಿಯಾಜ್ ಮೆಟ್ಟಿಲಲ್ಲೇ ತಡೆದ:
ಬಿಳಿ ಹೂವು ಅವರಲ್ಲಿ ಸಾವಿಗೆ, ಅಕ್ಕಯಮ್ಮತ್ತೆ.
ಬೆಸ ಸಂಖ್ಯೆಯೂ ಬೇಡ.
ಆರುನೂರು ಮಾಡಿ, ಒಳ್ಳೆಯದು.

ಸೊನ್ನೆಗೆ ಮುಗಿದರೆ ಅದೆಂಥ ಮುಯ್ಯಿ ಕಣೋ,
ಆ ಒಂದು ರೂಪಾಯಿ ಇದ್ದರೆ ತಾನೇ
ಲೆಕ್ಕ ಮುಂದಕ್ಕೆ ನಡೆಯುವುದು ಅಂದೆ.
ಅವನೇನು ಮಾಡಿಯಾನು, ಕತ್ತು ಕೆರೆದುಕೊಂಡ.
ನೂರು ಸೇರಿಸಿದೆ.
ಒಂಟಿ ಬಿದ್ದ ರೂಪಾಯಿಯನ್ನು ಸೆರಗಿನ ತುದಿಗೆ ಗಂಟು ಹಾಕಿದೆ.
ಮಲ್ಲಿಗೆ ಮೀಟರ್ ಬೋರ್ಡಿನ ಮೇಲೆ ಕೂತಿತು,
ಎರಡು ದಿನ ಕರೆಂಟಿಗೂ ಅದರದೇ ವಾಸನೆ.

ಒಳಗೆ ಅವನ ಅಪ್ಪ ಅಮ್ಮ
ಕುಕ್ಕರಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಕೂತಿದ್ದರು,
ಹೊಸ ಬಟ್ಟೆ ಹಾಕಿಕೊಂಡು.
ನೆಟ್‌ವರ್ಕ್ ಹೋಯಿತು.
ಅಮ್ಮನ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು.
ಎದುರಿಗೆ ಎರಡು ಕುರ್ಚಿ ಖಾಲಿ,
ಕೆಳಗಿನಿಂದ ಬೆಳಗ್ಗೆ ಕೇಳಿ ಒಯ್ದ ನಮ್ಮವೇ.

ಚೆನ್ನಪ್ಪ ಬಂದು ನಮ್ಮವರ ರೆಟ್ಟೆ ಹಿಡಿದ.
ಇವರು ಅಯ್ಯೋ ನಾವ್ಯಾಕೆ, ನಾವ್ಯಾಕೆ ಅನ್ನುತ್ತಲೇ ಕೂತರು.
ನಾನೂ ಕೂತೆ.
ಅವರಿಬ್ಬರೂ ನಮ್ಮ ರೆಡ್ ಆಕ್ಸೈಡ್ ನೆಲಕ್ಕೆ ಮಂಡಿಯೂರಿ
ಎರಡೂ ಕೈಯಲ್ಲಿ ಬಟ್ಟಲು ಚಾಚಿದರು:
ಹಾಲಿಲ್ಲದ ಚಾ, ತೇಲುವ ಕೆಂಪು ಖರ್ಜೂರ.

ಸುಡುಸುಡು.
ನಮ್ಮವರು ತುದಿಬೆರಳಲ್ಲಿ ಕುಣಿಸಿದರು.
ನಾನು ನೆಟ್ಟಗೆ ಹಿಡಿದೆ.
ಮೂವತ್ತು ವರ್ಷ ಕುದಿನೀರಲ್ಲಿ
ಎಳೆಯ ತುದಿ ಹುಡುಕಿದ ಬೆರಳಿಗೆ ಚಾ ಯಾವ ಲೆಕ್ಕ.
ಹುಡುಗಿ ನೋಡಿದಳು.
ಬಟ್ಟಲು ವಾಪಸು ತೆಗೆದುಕೊಳ್ಳುವಾಗ
ಬೆಂದು ಬಿಳುಚಿದ ನನ್ನ ಬೆರಳ ತುದಿಗಳನ್ನು
ಒಂದೊಂದಾಗಿ ಮುಟ್ಟಿ ಏನೋ ಅಂದಳು, ಎರಡೇ ಮಾತು.
ಇಮ್ತಿಯಾಜ್ ಆಗ ಕೆಳಗೆ ಸೋಡಾ ತರಲು ಹೋಗಿದ್ದ.

ಊಟಕ್ಕೆ ತಲೆಸಮೇತ ಮೀನು.
ಇನ್ನೊಂದು ತಟ್ಟೆಯಲ್ಲಿ ಕೆಂಪಗೆ ಹುರಿದದ್ದೇನೋ ಹೊಳೆಯುತ್ತಿತ್ತು.
ಗುರುತು ಸಿಕ್ಕಿತು: ನೂಲು ಬಿಚ್ಚಿದ ಮೇಲೆ ಉಳಿಯುವ ಹುಳ,
ನಾವು ಮೂಗು ಮುಚ್ಚಿ ಮೂಟೆಗಟ್ಟಿ ಮಾರುವುದು.
ನಮ್ಮ ಪಿಳ್ಳಪ್ಪನವರು ಒಂದು ತಿಂದರು.
ನನ್ನ ಕಡೆ ನೋಡಲಿಲ್ಲ.
ಇನ್ನೊಂದು ತಿಂದರು.

ಸಂಕ್ರಾಂತಿಗೆ ಮುಂಚೆ ಅವರು ಹೊರಟುಹೋದರು.
ಮಷಿನ್ ಓಡುತ್ತಿದೆ, ರಾತ್ರಿ ಮಲಗಿದರೆ ದಿಂಬಿಗೂ ಕೇಳುತ್ತದೆ.
ಹಿತ್ತಲಲ್ಲಿ ಈಗ ಎರಡೇ ಬೇಸಿನ್ನು.
ಬಾಗಿಲಿನ ಅಕ್ಷರ ಕೀಳಬೇಡಿ ಅಂತ ಹೊಸ ಬಾಡಿಗೆಯವರಿಗೆ ಹೇಳಿದ್ದೇನೆ.

ನಮ್ಮ ಮಗಳ ಮದುವೆಯ ಮುಯ್ಯಿ ಪುಸ್ತಕದ ಕೊನೆಯ ಹಾಳೆಯಲ್ಲಿ,
ನಾವು ಯಾರಿಗೆ ಎಷ್ಟು ಹಾಕಿದೆವು ಅಂತ ಬರೆಯುವ ಕಡೆ,
ಬರೆದಿಟ್ಟಿದ್ದೇನೆ:
ಚೆನ್ನಪ್ಪ. ಊರು ಗೊತ್ತಿಲ್ಲ.
ಕೊಟ್ಟದ್ದು ಆರುನೂರು.
ಕೊಡಬೇಕಾದದ್ದು ಒಂದು.