ಗೈರು

ಟ್ರಾಫಿಕ್ ದಂಡ ಕೆಳಗೆ, ವಿಚ್ಛೇದನ ಮೇಲೆ,
ಐವತ್ತರ ದಶಕದ್ದೆಲ್ಲ
ನೆಲಮಾಳಿಗೆಯಲ್ಲಿ, ಬಾಯ್ಲರಿನ ಪಕ್ಕ —
ಬ್ಯೂಟ್ ಊರಿನ ಗುಮಾಸ್ತ ಡೆಲ್ಬರ್ಟ್
ತಲೆಯೆತ್ತದೆ ಹೇಳಿದ:
"ಕೇಸ್ ನಂಬರ್ ಬೇಡ, ಹೆಸರು ಸಾಕು."

ಇರ್ಯಾ ಕೋಸ್ಕೆಲಾ. ನನ್ನಜ್ಜಿ.
ಮನೆಯಲ್ಲಿ ಅವಳಿಗೆ ಬೇರೆಯೇ ಹೆಸರು:
ಮಗು ಬಿಟ್ಟು ಓಡಿದವಳು.

ಹಾಳೆಗೆ ಇಪ್ಪತ್ತೈದು ಸೆಂಟು. ಒಂಬತ್ತು ಹಾಳೆ.
ಮೂರು ಸಲ ಕೂಗಲಾಯಿತು. ಪ್ರತಿವಾದಿ ಗೈರು.
ಮಗು ತಂದೆಗೆ.

ಕೊನೆಯ ಹಾಳೆಯ ಬೆನ್ನಿಗೆ ತುಕ್ಕು ಪಿನ್ನು,
ಪಿನ್ನಿಗೆ ಸಮನ್ಸಿನ ಲಕೋಟೆ.
ವಿಳಾಸದಲ್ಲಿಲ್ಲ, ವಾಪಸು.
ಅಂಟು ಬಿಚ್ಚಿಲ್ಲ.
ವಿಳಾಸ ಬರೆದದ್ದು
ನನ್ನ ಹುಟ್ಟುಹಬ್ಬಗಳಿಗೆಲ್ಲ ಕಾರ್ಡು ಬರೆದ
ಅದೇ ದುಂಡು ಅಕ್ಷರ.

ಗೆದ್ದವ ಸೋತ, ಸೋತವ ಸತ್ತ — ಸರಿ.
ಕೂಗೇ ಕೇಳಿಸದವಳು?

"ಲಕೋಟೆಗೂ ಇಪ್ಪತ್ತೈದೇ?" ಅಂದೆ.
ಡೆಲ್ಬರ್ಟ್ ಕನ್ನಡಕ ತೆಗೆದು
ಒರೆಸುತ್ತಲೇ ನಿಂತ.