ಅಬಾನೋ ಅಂದರೆ ಬಚ್ಚಲುಮನೆ

ನಮ್ಮ ಜಾರ್ಜಿಯದ ಮಾತಿನಲ್ಲಿ ಅಬಾನೋ ಅಂದರೆ ಬಚ್ಚಲುಮನೆ.
ಯಾವ ಪುಣ್ಯಾತ್ಮ ಇಟ್ಟನೋ ಈ ಘಟ್ಟಕ್ಕೆ ಆ ಹೆಸರು,
ಬಿಸಿನೀರಿನ ಆಸೆ ಹುಟ್ಟಿಸಿ
ಕಾಲರಿನೊಳಕ್ಕೆ ಆಲಿಕಲ್ಲು ಸುರಿಯುತ್ತಾನೆ.

ಪ್ಶವೇಲಿಯ ಪೆಟ್ರೋಲಿನವಳು ಕೇಳಿದ್ದಳು:
ಅಕ್ಟೋಬರ್ ಹತ್ತು ದಾಟಿತು, ಬುದ್ಧಿ ಇದೆಯಾ?
ಬುದ್ಧಿ ಇದ್ದಿದ್ದರೆ ಇಝ್ ಗಾಡಿ ಕೊಳ್ಳುತ್ತಿದ್ದೆನೇ,
ಅದೂ ಕುತೈಸಿಯ ಗುಜರಿಯಲ್ಲಿ,
ಎರಡು ಹಂದಿಮರಿ ಮಾರಿದ ದುಡ್ಡಿಗೆ.

ಹನ್ನೊಂದನೆಯ ತಿರುವಿನಲ್ಲಿ
ಎಡಗೈ ಬೆರಳಡಿ ಟಣ್ ಎಂದಿತು ಏನೋ.
ಕ್ಲಚ್ಚಿನ ಹಿಡಿ ಸಡಿಲ,
ಮಾತು ತಪ್ಪಿದವನ ಕೈಕುಲುಕಿನ ಹಾಗೆ.
ಕೇಬಲ್ಲು ಕಡಿದಿದೆ. ಇನ್ನೊಂದು ಇದೆ, ಇಲ್ಲವೆಂದಲ್ಲ,
ಮನೆಯಲ್ಲಿ, ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದೆ,
ಮರೆಯಬಾರದೆಂದೇ ಅಲ್ಲಿ ಹಾಕಿದ್ದು.

ಕ್ಲಚ್ ಇಲ್ಲದ ಗಾಡಿಗೆ ಓಡಲು ಬರುತ್ತದೆ.
ನಿಂತರೆ ಮತ್ತೆ ಹೊರಡಲು ಬರುವುದಿಲ್ಲ.
ಎಂಜಿನ್ನಿನ ದನಿಗೆ ಕಿವಿಗೊಟ್ಟು
ಅದು ಉಸಿರು ಬಿಡುವ ಗಳಿಗೆ ನೋಡಿ
ಬೂಟಿನ ತುದಿಯಿಂದ ಗೇರು ಎತ್ತಬೇಕು,
ನಿದ್ದೆ ಹೋದ ಮಗುವಿನ ಮುಷ್ಟಿಯಿಂದ
ಆಟಿಕೆ ಬಿಡಿಸುವ ಹಾಗೆ.
ಆರು ಕಿಲೋಮೀಟರು ಹಾಗೇ ಬಿಡಿಸುತ್ತ ಹೋದೆ.
ಮಗು ಏಳಲಿಲ್ಲ.

ಆಮೇಲೆ ಮಂಜು.
ಮಂಜಿನೊಳಗಿಂದ ಮೊದಲು ವಾಸನೆ, ಆಮೇಲೆ ಗಂಟೆ,
ಆಮೇಲೆ ಕರುವಿನ ಗಾತ್ರದ ನಾಯಿ,
ಕೊನೆಗೆ ಕುರಿ. ಕುರಿ. ಕುರಿ.
ಚಳಿಗಾಲಕ್ಕೆ ಬಯಲಿಗಿಳಿಯುವ ತುಶೇತಿಯ ಮಂದೆ.
ಎಡಕ್ಕೆ ಬಂಡೆ. ಬಲಕ್ಕೆ ಏನೂ ಇಲ್ಲ.
ಕೀಲಿ ತಿರುಗಿಸಿದೆ. ಮಗು ಎದ್ದಿತು, ಸತ್ತಿತು.

ಗಮಾರ್ಜೋಬ, ಎಂದ ಶೇತೆ.
ನಮ್ಮಲ್ಲಿ ನಮಸ್ಕಾರದ ಬದಲು ಜಯ ಎನ್ನುತ್ತೇವೆ.
ನನ್ನ ಮೂಗಿನಿಂದ ಸಾಕಷ್ಟು ಜಯ ಸುರಿಯುತ್ತಿತ್ತು.
ಮಂದೆ ದಾಟಿದ ಮೇಲೆ ನಾಲ್ವರು ಹಿಂದಿನಿಂದ ತಳ್ಳಿದರು,
ಚಕ್ರ ಉರುಳಿತು, ಒದ್ದು ಒಂದನೇ ಗೇರಿಗೆ ಹಾಕಿದೆ,
ನಲವತ್ತು ಮಾರು ಹೋಗುವಷ್ಟರಲ್ಲಿ ಇನ್ನೊಂದು ಹಿಂಡು.
ಮತ್ತೆ ಕೀಲಿ. ಮತ್ತೆ ಅವರೇ ಏದುತ್ತ ಬಂದರು.
ಮೂರನೆಯ ಸಲ ಶೇತೆ ಹ್ಯಾಂಡಲ್ ಹಿಡಿದುಕೊಂಡ:
ಮೇಲೆ ಮೊಣಕಾಲುದ್ದ ಹಿಮ ಬಿದ್ದಿದೆ.
ನಿನ್ನನ್ನು ಅಲ್ಲಿಗೆ ತಳ್ಳಿ ಯಾರಿಗೆ ಪುಣ್ಯ?
ನನ್ನನ್ನೂ ಕೇಳಲಿಲ್ಲ, ಗಾಡಿಯನ್ನೂ ಕೇಳಲಿಲ್ಲ,
ಅನಾಮತ್ತಾಗಿ ಎತ್ತಿ ತಿರುಗಿಸಿಟ್ಟರು.

ಇಳಿಜಾರಿಗೆ ಕ್ಲಚ್ ಬೇಡ. ಎಂಜಿನ್ನೂ ಬೇಡ.
ಆದರೆ ಕೂಲಿ ಕೊಡಬೇಕಲ್ಲ?
ಕಾಲು ಕೊಳೆತ ಮುದಿ ಕುರಿಯೊಂದನ್ನು ತಂದು
ಟ್ಯಾಂಕಿನ ಮೇಲೆ ಅಡ್ಡ ಮಲಗಿಸಿದ,
ನನ್ನ ಬೆಲ್ಟಿನಲ್ಲೇ ಬಿಗಿದ.
ಪ್ಯಾಂಟು ಎತ್ತಿಕೊಳ್ಳುತ್ತ ಹೊರಟೆ.

ಮಂದೆಯ ಹಿಂದೆ, ಮಂದೆಯ ನಡಿಗೆಯಲ್ಲಿ,
ಐದು ಗಂಟೆ.
ಬ್ರೇಕಿನ ಲೈನಿಂಗು ಸುಟ್ಟ ವಾಸನೆ,
ಒದ್ದೆ ಉಣ್ಣೆಯ ವಾಸನೆ, ನಂತರ ಉಚ್ಚೆಯದು.
ಆಲಿಕಲ್ಲು ಹೋಗಿ ಜಿಟಿಜಿಟಿ ಬಂತು.
ಎಂಜಿನ್ನಿನ ಬಿಸಿ ಎರಡನೇ ತಿರುವಿಗೇ ಆರಿತ್ತು,
ಕುರಿಯ ಬಿಸಿ ಆರಲಿಲ್ಲ.
ಅದರ ಹೊಟ್ಟೆಯಡಿ ಬೆರಳು ತೂರಿಸಿಕೊಂಡು
ಒಂದೇ ಕೈಯಲ್ಲಿ ಗಾಡಿ ಇಳಿಸಿದೆ.
ಓಮಾಲೋದ ಗೋಪುರಗಳನ್ನು ನೋಡಬೇಕೆಂದು ಹೊರಟವನು
ನೋಡಿದ್ದು ಆರುನೂರು ಕುಂಡೆ.

ಕೆಳಗೆ ಹೊಳೆಯ ಹತ್ತಿರ ಶೇತೆಯ ಹೆಂಡತಿ ಏತೇರಿ
ಲಾರಿಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ಗೀಟೆಳೆಯುತ್ತ
ಒಂದೊಂದನ್ನೇ ಎಣಿಸಿ ಒಳಗೆ ಬಿಟ್ಟಳು.
ಒಂದು ಕಡಿಮೆ.
ಗಂಡನನ್ನು ಬೈದಳು, ನಾಯಿಯನ್ನು ಬೈದಳು, ತೋಳವನ್ನು ಬೈದಳು.
ಎಲ್ಲವನ್ನೂ ಹೊರಗೆ ಬಿಟ್ಟು ಮತ್ತೆ ಎಣಿಸಿದಳು.
ಒಂದು ಕಡಿಮೆ.

ನನಗೆ ಚಳಿಗೆ ದವಡೆ ಹಿಡಿದುಕೊಂಡು ಮಾತು ಹೊರಡದು.
ಟ್ಯಾಂಕಿನ ಮೇಲೆ ಅದು
ನನ್ನ ಎಡಗೈ ಗವಸನ್ನು
ಸಮಾಧಾನವಾಗಿ ಅಗಿಯುತ್ತಿತ್ತು.