ಮೂರನೇ ಕೋಣೆ

ಹೊಸೂರು ರಸ್ತೆ ಬಿಟ್ಟು ಸಿಂಗೇನ ಅಗ್ರಹಾರದ ಕಡೆ ತಿರುಗಿದರೆ
ಹಣ್ಣಿನ ಮಂಡಿ ಮುಗಿಯುವಲ್ಲಿ ನಮ್ಮ ಕೋಲ್ಡ್ ಸ್ಟೋರೇಜು.
ಹೊರಗೆ ಏಪ್ರಿಲ್. ರಾತ್ರಿ ಹತ್ತಾದರೂ ಗೋಡೆ ಬಿಸಿ.
ಒಳಗೆ, ಮೂರನೇ ಕೋಣೆಯಲ್ಲಿ,
ಇನ್ನೂ ಹೋದ ಅಕ್ಟೋಬರು.

ಕಿನ್ನೌರಿನ ಸೇಬು. ಆರು ತಿಂಗಳಿಂದ ನಿದ್ದೆಯಲ್ಲಿವೆ
ಎಂದು ಮಾಲೀಕರು ಗಿರಾಕಿಗೆ ಹೇಳುತ್ತಾರೆ.
ನಿದ್ದೆಯಲ್ಲ, ಉಸಿರಾಡುತ್ತವೆ.
ಕರೆಂಟು ಹೋಗಿ ಜನರೇಟರು ಕೆಮ್ಮುತ್ತಾ ನಿಂತರೆ
ಅಷ್ಟೂ ಹಣ್ಣು ಒಟ್ಟಿಗೆ ನಿಟ್ಟುಸಿರಿಟ್ಟು
ಮೀಟರಿನ ಮುಳ್ಳು ಒಂದು ಗೆರೆ ಮೇಲೇರುತ್ತದೆ.

ನನ್ನ ಕೆಲಸ ಚಳಿ ಕಾಯುವುದು.
ಪಿಳ್ಳಮ್ಮನದು ಹಣ್ಣು ಕಾಯುವುದು.

ಒಂದು ಕೊಳೆತದ್ದು ಬುಟ್ಟಿಯನ್ನೆಲ್ಲ ಕೆಡಿಸುತ್ತೆ ಅಂತ
ಹೇಳುವವರು ಹೇಳಿ ಹೋದರು.
ಆ ಒಂದನ್ನು ಹುಡುಕುವವರು ಯಾರು?
ಒಂಬತ್ತು ಸಾವಿರ ಪೆಟ್ಟಿಗೆ, ಆಳೆತ್ತರದ ಮೇಲೆ ಆಳೆತ್ತರ.

ಸ್ವೆಟರಿನ ಮೇಲೆ ಮಗನ ಹಳೇ ರೇನ್‌ಕೋಟು, ತಲೆಗೆ ಟವೆಲು,
ಬಾಗಿಲಲ್ಲಿ ನಿಂತು ಒಂದು ಸಲ ಮೂಗೆಳೆದರೆ ಸಾಕಿತ್ತು ಅವಳಿಗೆ:
“ಎಡಗಡೆ ಏಳ್ನೇ ಸಾಲು, ಕೆಳಗಿಂದ ನಾಕು.
ಒದ್ದೆ ಗೋಣೀಚೀಲದ್ ವಾಸ್ನೆ ಬತ್ತಾ ಐತೆ.”
ತೆಗೆದರೆ ಅಲ್ಲೇ, ಯಾವುದೋ ಹಿಂದಿ ಪೇಪರಿನೊಳಗೆ,
ತೊಟ್ಟು ಕಿತ್ತ ಗಾಯದಲ್ಲಿ
ನಾಲ್ಕಾಣೆಯಗಲ ನೀಲಿ ಬೂಸಲು.

ಹೊಸ ಹುಡುಗರು ಪೆಟ್ಟಿಗೆ ಎಸೆದರೆ ಬೈಯುತ್ತಿರಲಿಲ್ಲ.
ಅವರ ತೋಳು ಹಿಡಿದು ಹೆಬ್ಬೆರಳಿಂದ ಒತ್ತುತ್ತಿದ್ದಳು:
“ಈವತ್ತು ಏನೂ ಕಾಣಲ್ಲ.
ಮೂರು ದಿನ ಬಿಟ್ಟು ನೋಡ್ಕೊ.”
ತೊಳೆಯಲು ಹೋದವನಿಗೆ:
“ಅದ್ರ ಮೈಮ್ಯಾಲಿನ ಮೇಣ ಅವ್ರವ್ವ ಹಚ್ಚಿ ಕಳ್ಸಿರೋದು, ಮುಟ್ಬ್ಯಾಡ.”

ಜ್ವರದ ವರ್ಷ ಎಲ್ಲರಿಗೂ ಬಂತು, ಅವಳಿಗೂ ಬಂತು.
ಹದಿನೈದು ದಿನಕ್ಕೆ ಎದ್ದು ಬಂದಳು. ಏನೂ ಹೇಳಲಿಲ್ಲ.
ಒಂದು ರಾತ್ರಿ ಊಟಕ್ಕೆ ಕೂತು ಡಬ್ಬಿ ತೆರೆದಾಗ
ಬೆಂಚಿನ ಈ ತುದಿಯಲ್ಲಿದ್ದ ನನಗೇ ಬಡಿಯಿತು,
ಸಾರು ಹಳಸಿತ್ತು.
ಅವಳು ಮುದ್ದೆ ಮುರಿದು ಅದ್ದಿದಳು, ನುಂಗಿದಳು,
ಇನ್ನೊಂದು ತುತ್ತು ಮುರಿದಳು.
ನಾನು ನೀರಿನ ಬಾಟಲಿ ನೋಡುತ್ತಾ ಕೂತೆ.

ಮಾರನೇ ದಿನದಿಂದ, ಅವಳು ಬರುವ ಮುಂಚೆ,
ನಾನೇ ಸಾಲುಸಾಲು ಮೂಸಿ
ಅನುಮಾನದ ಪೆಟ್ಟಿಗೆಗಳ ಮೂಲೆಯಲ್ಲಿ
ಸೀಮೆಸುಣ್ಣದ ಚುಕ್ಕಿ ಇಟ್ಟೆ. ರಾಗಿಕಾಳಿನಷ್ಟು.
ಅವಳು ನೇರ ಚುಕ್ಕಿಗೇ ಹೋಗುತ್ತಿದ್ದಳು.
ಏನು ಮೂಗು ಅಂತೀರಿ, ಎಂದು ಮಾಲೀಕರು
ಬಂದವರಿಗೆಲ್ಲ ಅವಳನ್ನು ತೋರಿಸುತ್ತಿದ್ದರು.
ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ನಾನೂ.

ಎರಡು ವರ್ಷ ಹೀಗೆ.

ನಿನ್ನೆ ನಾನಿಟ್ಟ ಚುಕ್ಕಿ ಐದು.
ಸೆರಗಿನ ತುದಿಯಿಂದ ಎರಡನ್ನು ಒರೆಸಿದಳು.
“ಇವು ಚೆನ್ನಾಗವೆ. ನಿಂಗೆ ನೆಗಡಿ ಆಗೈತೆ, ಅಂತೋಣಿ.”
ಆಮೇಲೆ ಚುಕ್ಕಿಯೇ ಇಲ್ಲದ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು
ಕೈಗವಸು ಕಳಚಿ
ಒಂದೊಂದನ್ನೇ ಕಿವಿಗೆ ಹಿಡಿದು ತಟ್ಟಿದಳು,
ಹೊಟ್ಟೆ ಉಬ್ಬಿದ ಮಗುವಿಗೆ ತಟ್ಟಿ ನೋಡುವ ಹಾಗೆ.
ಹನ್ನೆರಡು ಟಣ್ ಅಂದವು.
ಹದಿಮೂರನೆಯದು ದಪ್.

ಸೀಳಿದಳು. ಹೊರಗೆ ಒಂದು ಮಚ್ಚೆಯಿಲ್ಲ,
ಒಳಗೆ ಬೀಜದ ಸುತ್ತ ಕಂದು.
“ಇದಕ್ಕೆ ವಾಸ್ನೆ ಇರಲ್ಲ ಕಣಪ್ಪ.
ಮೂಗಿದ್ದಾಗ ಇಂಥವು ಎಷ್ಟು ತಪ್ಪಿಸ್ಕೊಂಡ್ವೋ.”

ಅದನ್ನು ಬಕೆಟ್ಟಿಗೆ ಹಾಕಿ, ಪಕ್ಕದ ಒಳ್ಳೆಯದನ್ನು ಹೆಚ್ಚಿ
ಅರ್ಧ ನನಗೆ ಕೊಟ್ಟಳು.
ಹಲ್ಲು ಜುಮ್ಮೆನ್ನುವ ತಣ್ಣಗೆ.
ತನ್ನ ಅರ್ಧವನ್ನು ಅಂಗೈಯಲ್ಲಿಟ್ಟುಕೊಂಡು
ನಾನು ನುಂಗುವವರೆಗೂ ಕಾದಳು.

“ಹೆಂಗೈತೆ ಘಮ? ಸರಿಯಾಗಿ ಹೇಳು.”

ಕಂಪ್ರೆಸರು ನಿಂತಿತು.
ಕಣ್ಣು ಮುಚ್ಚಿ
ಇನ್ನೊಮ್ಮೆ ಕಚ್ಚಿದೆ.